ಮೂರು ವಾರ ಮುಂದೆ ಹೋಗದ ವಾಕ್ಯ

೧೯೫೮ರಲ್ಲಿ ನಾನು ಯಲಹಂಕದ ದನದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಆಸ್ಪತ್ರೆ ಎಂದರೆ ಎರಡು ಕೋಣೆ, ಅಂಗಳದಲ್ಲೊಂದು ಹುಣಸೆಮರ, ಅದರ ಕೆಳಗೆ ದನವನ್ನು ಅಲುಗದಂತೆ ನಿಲ್ಲಿಸುವ ಮರದ ಚೌಕಟ್ಟು. ಮದರಾಸಿನಲ್ಲಿ ಓದಿ ಬಂದ ಜಂಬ ಆಗಿನ್ನೂ ಇಳಿದಿರಲಿಲ್ಲ. ಆಮೇಲಿನ ನೌಕರಿಯಲ್ಲಿ ಎಷ್ಟೋ ಊರು, ಎಷ್ಟೋ ಕೊಟ್ಟಿಗೆ ಕಂಡೆ. ಆದರೂ ಮರೆಯಲಾಗದ ಕೇಸು ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಗೆ ಬರುವುದು ಒಂದೇ ಹೆಸರು: ಬೆಳ್ಳ. ಹಳ್ಳಿಕಾರ್ ಜಾತಿಯ ಎತ್ತು. ಅದರ ಕತೆ ಹೇಳಹೊರಟರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನನ್ನ ಹೆಂಡತಿ "ಶುರುವಾಯ್ತು" ಎಂದು ಎದ್ದು ಒಳಗೆ ಹೋಗುತ್ತಾಳೆ.

ಆ ಕೇಸು ಆಸ್ಪತ್ರೆಗೆ ಬರಲಿಲ್ಲ, ನೇರವಾಗಿ ಚರ್ಚಿಗೆ ಬಂತು. ಯಲಹಂಕದಿಂದ ಹೆಬ್ಬಾಳದ ಕಡೆಗೆ ಬರುವಾಗ ಬಳ್ಳಾರಿ ರಸ್ತೆ ಬಿಟ್ಟು ಒಂದು ಮೈಲಿ ಒಳಗೆ ನಡೆದರೆ ನಮ್ಮ ಸಣ್ಣ ಚರ್ಚು ಸಿಗುತ್ತಿತ್ತು. ಹೆಂಚಿನ ಮಾಡು, ಸುಣ್ಣದ ಗೋಡೆ. ಬೆಂಚುಗಳಿಲ್ಲ, ಎಲ್ಲರೂ ನೆಲದ ಮೇಲೇ ಕೂರುವುದು. ಬರುತ್ತಿದ್ದವರು ರೈಲ್ವೆ ಗ್ಯಾಂಗ್‌ಮನ್‌ಗಳು, ಏರ್‌ಫೋರ್ಸಿನ ಅಡುಗೆಮನೆಯಲ್ಲಿ ದುಡಿಯುವವರು, ತೋಟದ ಮಾಲಿಗಳು, ಅವರ ಹೆಂಡಿರು ಮಕ್ಕಳು.

ನಮ್ಮ ಸಭಾಪಾಲಕರು ಯೇಸುದಾಸ ಅಯ್ಯನವರು. ತೆಳ್ಳಗೆ, ಮೆತ್ತಗೆ ಇದ್ದರು, ಆದರೆ ಹಿಡಿದ ಹಟ ಬಿಡುವ ಪೈಕಿಯಲ್ಲ. ಅವರದೊಂದು ಪದ್ಧತಿಯಿತ್ತು. ಪ್ರತಿ ಭಾನುವಾರ ಸತ್ಯವೇದದಿಂದ, ಎಂದರೆ ಬೈಬಲಿನಿಂದ, ಒಂದೇ ಒಂದು ವಾಕ್ಯ ಕೊಡುತ್ತಿದ್ದರು. ಮುಂದಿನ ಭಾನುವಾರ ಮೊದಲ ಕೆಲಸವಾಗಿ "ಹೋದ ವಾರದ ವಾಕ್ಯ ಏನ್ ಮಾಡಿದ್ರಿ?" ಎಂದು ಕೇಳುತ್ತಿದ್ದರು. ಬಾಯಿಪಾಠ ಒಪ್ಪಿಸಿದರೆ ನಡೆಯುತ್ತಿರಲಿಲ್ಲ. ಆ ಮಾತಿನಂತೆ ಏನು ನಡೆದುಕೊಂಡೆವು ಎಂಬುದನ್ನು ಯಾರಾದರೂ ಎದ್ದು ನಿಂತು ಹೇಳಬೇಕು. ಯಾರೂ ಏಳದಿದ್ದರೆ ಮುಂದಿನ ವಾರವೂ ಅದೇ ವಾಕ್ಯ. "ಕೇಳಿ ಮರೆಯೋದಕ್ಕೆ ರೇಡಿಯೋ ಇದೆಯಲ್ಲಪ್ಪ, ಇಲ್ಲಿಗ್ಯಾಕೆ ಬರ್ತೀರಿ?" ಎನ್ನುತ್ತಿದ್ದರು. ಸರ್ಕಾರಿ ಡಾಕ್ಟರಾದ ನನಗೆ ಹೀಗೆ ಪಾಠ ಒಪ್ಪಿಸುವುದೆಂದರೆ ಮೈಯೆಲ್ಲ ಉರಿಯುತ್ತಿತ್ತು.

ಆ ಏಪ್ರಿಲ್‌ನಲ್ಲಿ ಒಂದು ವಾಕ್ಯ ಮೂರು ವಾರದಿಂದ ಮುಂದೆ ಹೋಗದೆ ನಿಂತುಬಿಟ್ಟಿತ್ತು. ನೆರೆಯವರನ್ನು ನಮ್ಮಂತೆಯೇ ಪ್ರೀತಿಸಬೇಕು ಎಂಬ ವಾಕ್ಯ. ನಿಂತದ್ದಕ್ಕೆ ಕಾರಣ ಚರ್ಚಿನ ಪಕ್ಕದ ತೋಟದ ಮುನಿವೆಂಕಟಪ್ಪ.

ನಾವೆಲ್ಲ ಅವನ ತೋಟದ ಬದುವಿನ ಮೇಲೆ ನಡೆದು ಚರ್ಚಿಗೆ ಬರುತ್ತಿದ್ದೆವು. ಹುರುಳಿಕಾಯಿ ಪಾತಿ ತುಳಿದು ಹಾಳು ಮಾಡುತ್ತೀರೆಂದು ಅವನು ಒಂದೆರಡು ಸಲ ಕೂಗಾಡಿದ. ಒಂದು ದಿನ ದಾರಿಗಡ್ಡವಾಗಿ ಜಾಲಿ ಮುಳ್ಳಿನ ಬೇಲಿ ಹಾಕಿದ. ಅದನ್ನು ದಾಟಲು ಹೋಗಿ ನಮ್ಮ ಎಸ್ತೇರಮ್ಮನವರ ಹಿಮ್ಮಡಿಗೆ ಮುಳ್ಳು ಮುರಿಯಿತು. ಎಸ್ತೇರಮ್ಮ ಪ್ರೈಮರಿ ಶಾಲೆಯ ಮೇಡಂ, ಚರ್ಚಿನ ಹಿರಿಯರೂ ಹೌದು. ಮುಳ್ಳು ತೆಗೆದ ಮೇಲೂ ಅವರು ಕುಂಟುತ್ತಿದ್ದರು. ಕುಂಟಿದಾಗಲೆಲ್ಲ ಮುನಿವೆಂಕಟಪ್ಪನ ಹೆಸರು ಹೇಳುತ್ತಿದ್ದರು. ಅಯ್ಯನವರು ಪ್ರಶ್ನೆ ಕೇಳಿದಾಗ ಎಲ್ಲರೂ ನೆಲ ನೋಡುತ್ತಿದ್ದೆವು.

ಈ ಎಸ್ತೇರಮ್ಮನವರ ಹೆಮ್ಮೆಯೆಂದರೆ ಚರ್ಚಿನ ಜಮಖಾನ. ಅಷ್ಟು ದಿನ ಹಳೇ ಚಾಪೆಯ ಮೇಲೆ ಕೂರುತ್ತಿದ್ದ ನಮಗಾಗಿ ಅವರು ಮನೆಮನೆ ತಿರುಗಿ, ಈಸ್ಟರ್ ಹಬ್ಬಕ್ಕೆ ಸರಿಯಾಗಿ, ಕೆಂಪು ನೀಲಿ ಪಟ್ಟೆಯ ದಪ್ಪ ಜಮಖಾನ ತರಿಸಿದ್ದರು. ಕಾಲು ತೊಳೆಯದೆ ಯಾರೂ ಅದರ ಮೇಲೆ ಕಾಲಿಡುವಂತಿರಲಿಲ್ಲ. ಧೂಳಿನ ಹೆಜ್ಜೆ ಹತ್ತಿರ ಸುಳಿದರೂ ಸಾಕು, ಅವರ ಹುಬ್ಬು ಮೇಲೇರುತ್ತಿತ್ತು.

ನಾಲ್ಕನೆಯ ಭಾನುವಾರ. ಅಯ್ಯನವರು ಎಂದಿನಂತೆ ಕೇಳಿದರು. ನಾವು ಎಂದಿನಂತೆ ನೆಲ ನೋಡಿದೆವು. ಅವರು ನಿಟ್ಟುಸಿರು ಬಿಟ್ಟು ಪುಸ್ತಕ ತೆರೆಯುವಷ್ಟರಲ್ಲಿ ಒಬ್ಬ ಹೆಂಗಸು ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಎರಡೂ ಕೈ ಗೀರಿ ರಕ್ತ ಸುರಿಯುತ್ತಿತ್ತು. ಮುನಿವೆಂಕಟಪ್ಪನ ಹೆಂಡತಿ ನಂಜಮ್ಮ.

"ಡಾಕುಟ್ರು ಇಲ್ಲವ್ರಾ? ನಮ್ ಬೆಳ್ಳ ಬಾವಿಗ್ ಬಿದ್ದೋದ ಸ್ವಾಮಿ! ಈಜ್ತಾ ಅವ್ನೆ, ಇನ್ನೇನ್ ಮುಳುಗೋಯ್ತಾನೆ!"

ಅಯ್ಯನವರು ಪುಸ್ತಕ ಮುಚ್ಚಿದರು.

"ಇವತ್ತಿನ ಪ್ರಸಂಗ ಮುಗೀತು. ಎಲ್ಲಾರೂ ಏಳಿ!"

ಎದ್ದೆವು, ಓಡಿದೆವು! ನಂಜಮ್ಮ ಬರುವಾಗ ಬರಿಗೈಯಲ್ಲೇ ಮುಳ್ಳಿನ ಬೇಲಿ ಎಳೆದುಹಾಕಿ ದಾರಿ ಮಾಡಿದ್ದಳು. ಭಾನುವಾರದ ಬಿಳಿ ಪಂಚೆ, ಜರಿ ಸೀರೆಗಳೆಲ್ಲ ಅದೇ ಸಂದಿಯಲ್ಲಿ ನುಗ್ಗಿದವು. ಪಾತಿಗಳನ್ನು ತುಳಿಯದೆ ಬದುವಿನ ಮೇಲೇ ಓಡಬೇಕೆಂದು ನಮಗೆ ಅವತ್ತು ಯಾರೂ ಹೇಳಬೇಕಾಗಲಿಲ್ಲ.

ಕಪಿಲೆ ಬಾವಿ ಈಗಿನವರು ನೋಡಿರಲಿಕ್ಕಿಲ್ಲ. ಬಾವಿಯ ದಡದಲ್ಲಿ ದೊಡ್ಡ ಮರದ ಚೌಕಟ್ಟು, ಅದಕ್ಕೊಂದು ಗಾಲಿ. ಗಾಲಿಯ ಮೇಲೆ ಹಗ್ಗ, ಹಗ್ಗದ ತುದಿಗೆ ಚರ್ಮದ ದೊಡ್ಡ ಚೀಲ. ಜೋಡಿ ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ಇಳಿದರೆ ನೀರು ತುಂಬಿದ ಚೀಲ ಮೇಲೆ ಬರುತ್ತದೆ. ಹಿಂದಕ್ಕೆ ಹೆಜ್ಜೆಯಿಟ್ಟು ಹತ್ತಿದರೆ ಖಾಲಿ ಚೀಲ ಕೆಳಗಿಳಿಯುತ್ತದೆ. ಹಾಗೆ ಹಿಂದಕ್ಕೆ ಬರುವಾಗ ದಡದ ಕಲ್ಲು ಸಡಿಲಿ, ನೊಗದ ಕಣ್ಣಿ ಕಿತ್ತು, ಬೆಳ್ಳ ಹಿಂಬದಿಯಾಗಿ ಬಾವಿಗೆ ಬಿದ್ದಿತ್ತು. ಅದರ ಜೊತೆಗಾರ ಎತ್ತು ಮೇಲೆ ಗಡಗಡ ನಡುಗುತ್ತಾ ನಿಂತಿತ್ತು.

ಮುನಿವೆಂಕಟಪ್ಪ ಆಗಲೇ ಬಾವಿಗಿಳಿದು, ಗೋಡೆಯ ಕಲ್ಲು ಮೆಟ್ಟಿಲಿನ ಮೇಲೆ ನಿಂತು ಬೆಳ್ಳನ ಕೊಂಬು ಹಿಡಿದಿದ್ದ. ಬಾವಿಯಲ್ಲಿ ಆಳಕ್ಕೆ ನೀರಿತ್ತು, ಎತ್ತಿಗೆ ನೆಲ ಸಿಗುತ್ತಿರಲಿಲ್ಲ. ಕಾಲು ಬಡಿದೂ ಬಡಿದೂ ಸೋತು, ಮೂತಿ ಮಾತ್ರ ನೀರಿನ ಮೇಲಿತ್ತು. ಮುಂಗಾರು ಉಳುಮೆ ಬಾಗಿಲಲ್ಲೇ ಇತ್ತು. ಜೋಡಿಯಲ್ಲಿ ಒಂದು ಹೋದರೆ ಇನ್ನೊಂದಕ್ಕೆ ನೊಗವಿಲ್ಲ.

"ಉಳುಸ್ಕೊಡಿ ಡಾಕುಟ್ರೇ, ಕರು ಇದ್ದಾಗಿಂದ ಕೈಯಾರೆ ಸಾಕಿವ್ನಿ" ಎಂದ. ಅಷ್ಟು ದಿನ ನಮ್ಮ ಮೇಲೆ ಕೂಗಾಡಿದ್ದ ಗಂಟಲು ಅದೇನಾ ಎನಿಸಿತು.

ನಾನು ಷರಟು ಬಿಚ್ಚಿ ಇಳಿದೆ. ಮೊದಲ ಪ್ರಶ್ನೆ ಔಷಧದ್ದು. ಮೇಲೆತ್ತುವಾಗ ಎತ್ತು ಒದ್ದಾಡಿದರೆ ಕಟ್ಟಿದ್ದು ಜಾರುತ್ತದೆ. ಒದ್ದಾಡದಂತೆ ಮತ್ತು ಬರಿಸುವ ಔಷಧ ಕೊಟ್ಟರೆ ಕತ್ತು ಎತ್ತಲಾಗದೆ ಮುಳುಗುತ್ತದೆ. ಆ ಔಷಧ ಬೇಡವೆಂದು ತೀರ್ಮಾನಿಸಿದೆ. ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. ಏಳೆಂಟು ನೂರು ಪೌಂಡಿನ ಮೈಯನ್ನು ಬರೀ ಹಗ್ಗದಲ್ಲಿ ಎತ್ತಿದರೆ ಹಗ್ಗ ಹೊಟ್ಟೆಗೆ ಕಚ್ಚಿ ಉಸಿರೇ ನಿಲ್ಲುತ್ತದೆ. ಅಗಲವಾದ, ಗಟ್ಟಿಯಾದ ಪಟ್ಟಿ ಬೇಕು. ಮೇಲಿಂದ ಗೋಣಿ ಎಸೆದರು, ಎಳೆದು ನೋಡಿದರೆ ಕೈಯಲ್ಲೇ ಪಿಸಿಯಿತು. ತಲೆಯೆತ್ತಿ ನೋಡಿದೆ. ದಡದಲ್ಲಿ ಎಸ್ತೇರಮ್ಮ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ಅರ್ಥವಾಯಿತು.

"ಅದೊಂದು ಬಿಟ್ಟು ಬೇರೆ ಏನ್ ಬೇಕಾದ್ರೂ ಕೇಳಿ ಡಾಕ್ಟ್ರೇ."

ಅಷ್ಟರಲ್ಲಿ ಬೆಳ್ಳನ ಮೂತಿ ನೀರಿನಲ್ಲಿ ಮುಳುಗಿತು. ಮುನಿವೆಂಕಟಪ್ಪ ಕೊಂಬು ಹಿಡಿದು ಮೇಲಕ್ಕೆ ಜಗ್ಗಿದ. ಅದು ಮೂಗಿನಿಂದ ನೀರು ಸೀನಿ ನರಳಿತು. ಮತ್ತೆ ಮೇಲೆ ನೋಡುತ್ತೇನೆ, ಎಸ್ತೇರಮ್ಮ ಅಲ್ಲಿಲ್ಲ! ಕುಂಟುಗಾಲಿನಲ್ಲೇ ಚರ್ಚಿನ ಕಡೆ ಓಡುತ್ತಿದ್ದಾರೆಂದು ಯಾರೋ ಕೂಗಿದರು. ಇಬ್ಬರು ಹೆಂಗಸರ ಕೈಯಲ್ಲಿ ಜಮಖಾನದ ಸುರುಳಿ ಹೊರಿಸಿಕೊಂಡು ಬಂದು "ತಗೊಳ್ಳಿ!" ಎಂದು ಅವರೇ ಬಾವಿಗೆ ತಳ್ಳಿದರು.

ಜಮಖಾನವನ್ನು ಮಡಿಚಿ ಎದೆ ಹೊಟ್ಟೆಗಳ ಅಡಿಗೆ ತೂರಿಸಿದೆವು. ಜಾರದಂತೆ ಮುಂದೆ ಎದೆಗೂ ಹಿಂದೆ ತೊಡೆಗೂ ಹಗ್ಗ ಸುತ್ತಿದೆವು. ತುದಿಗಳನ್ನು ಬೆನ್ನಿನ ಮೇಲೆ ಸೇರಿಸಿ ಕಪಿಲೆಯ ಹಗ್ಗಕ್ಕೆ ಬಿಗಿದೆವು. ಬೆದರದಿರಲೆಂದು ಮೇಲೆ ಬಿಚ್ಚಿಟ್ಟಿದ್ದ ನನ್ನ ಷರಟು ಎಸೆಯಲು ಹೇಳಿ ಅದರಿಂದ ಕಣ್ಣು ಕಟ್ಟಿದೆ. ಎಳೆಯುವುದು ಯಾರು? ಜೊತೆಗಾರ ಎತ್ತು ಇಳಿಜಾರಿನ ಹತ್ತಿರಕ್ಕೂ ಬರಲೊಲ್ಲದು.

ಎಳೆದವರು ನಮ್ಮವರು! ನಲವತ್ತಕ್ಕೂ ಹೆಚ್ಚು ಜನ, ಗಂಡಸರು ಹೆಂಗಸರು, ಎತ್ತುಗಳ ಜಾಗದಲ್ಲಿ ನಿಂತು ಕಪಿಲೆಯ ಹಗ್ಗ ಹಿಡಿದರು. ಮುಂದಾಳು ಗ್ಯಾಂಗ್‌ಮನ್ ಡೇವಿಡಪ್ಪ. ರೈಲ್ವೆ ಕಂಬಿ ಎತ್ತಿಸಿ ಪಳಗಿದ ಗಂಟಲು ಅವನದು. ಅವನು "ಐಲಸಾ!" ಎಂದರೆ ಎಲ್ಲರೂ "ಐಲಸಾ!" ಎಂದು ಒಂದು ಹೆಜ್ಜೆ ಇಳಿಯುವುದು. ಅಯ್ಯನವರು ಪಂಚೆ ಎತ್ತಿಕಟ್ಟಿ ನಡುವೆ ನಿಂತು ಅವರೂ "ಐಲಸಾ" ಎನ್ನುತ್ತಿದ್ದರು. ಅಷ್ಟು ಜೋರು ಧ್ವನಿಯಲ್ಲಿ ಅವರು ಯಾವ ಕೀರ್ತನೆಯನ್ನೂ ಹಾಡಿದ್ದು ನಾನು ಕೇಳಿಲ್ಲ.

ಗಾಲಿ ಕಿರುಗುಟ್ಟಿತು. ಬೆಳ್ಳ ನೀರು ಬಿಟ್ಟು ಮೇಲೆದ್ದಿತು. ಅದರ ಪಕ್ಕದಲ್ಲೇ ಮುನಿವೆಂಕಟಪ್ಪ "ಬಾ ಮಗಾ, ಬಂದ್ಬುಡು ಮಗಾ" ಎಂದು ಹೇಳುತ್ತಾ ಒಂದೊಂದೇ ಕಲ್ಲು ಹತ್ತುತ್ತಿದ್ದ. ಆ ದನಿ ಕೇಳುತ್ತಿದ್ದಷ್ಟು ಹೊತ್ತೂ ಎತ್ತು ಒದೆಯಲಿಲ್ಲ. ಅರ್ಧ ಮೇಲೆ ಬಂದಿದೆ, ಆಗ ಪರ್ರೆಂದು ಸದ್ದು. ಜಮಖಾನ ಹರಿಯುತ್ತಿದೆ! ಹಗ್ಗ ಹಿಡಿದವರು ಗಾಬರಿಯಿಂದ ನಿಂತರು.

"ಹರಿದ್ರೆ ಹರೀಲಿ, ನಿಲ್ಲಿಸ್ಬೇಡಿ, ಎಳೀರಿ!" ಎಂದು ಎಸ್ತೇರಮ್ಮ ಚೀರಿದರು.

ಎಳೆದರು. ಕೊಂಬಿಗೆ ಕಟ್ಟಿದ ಇನ್ನೊಂದು ಹಗ್ಗ ಹಿಡಿದು ನಾಲ್ಕು ಜನ ಪಕ್ಕಕ್ಕೆ ಜಗ್ಗಿದರು. ಬೆಳ್ಳ ದಡದ ಮೇಲೆ ಧೊಪ್ಪೆಂದು ಬಿದ್ದಿತು. ಉಸಿರಾಡುತ್ತಿತ್ತು! ಅಳುವವರು, ನಗುವವರು, ಒಬ್ಬರನ್ನೊಬ್ಬರು ತಬ್ಬುವವರು, ಅಂಥ ಗದ್ದಲವನ್ನು ನಾನು ಕ್ರಿಸ್‌ಮಸ್ಸಿನಲ್ಲೂ ಕಂಡಿಲ್ಲ.

ಆದರೆ ಬೆಳ್ಳ ಏಳಲಿಲ್ಲ. ಮೂಳೆ ಮುರಿದಿರಲಿಲ್ಲ, ಭುಜ ಉಳುಕಿತ್ತು. ಶುಂಠಿ, ಮೆಣಸು, ಬೆಲ್ಲದ ಕಷಾಯ ಕುಡಿಸಿದೆ, ಆಸ್ಪತ್ರೆಯಿಂದ ಚೀಲ ತರಿಸಿ ಇಂಜೆಕ್ಷನ್ ಕೊಟ್ಟೆ, ಗೋಣಿಯಿಂದ ಮೈ ತಿಕ್ಕಿಸಿದೆ. ದೊಡ್ಡ ಪ್ರಾಣಿ ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ತನ್ನ ಭಾರಕ್ಕೆ ತನ್ನ ಮಾಂಸಖಂಡವೇ ಜಜ್ಜಿಹೋಗುತ್ತದೆ. ಆಮೇಲೆ ಕಾಲಿದ್ದೂ ನಿಲ್ಲಲಾಗದು. ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸಲು ಡೇವಿಡಪ್ಪನ ಕಡೆಯವರು ಡ್ಯೂಟಿ ಮುಗಿಸಿ ಬರುತ್ತಿದ್ದರು. ನಾನೂ ದಿನಾ ಹೋದೆ. ಶನಿವಾರ ಸಂಜೆಯಾದರೂ ಬೆಳ್ಳ ಮಲಗಿಯೇ ಇತ್ತು. ನಂಜಮ್ಮ ನನ್ನ ಮುಖ ನೋಡಿದಳು, ನಾನು ಬೇರೆ ಕಡೆ ನೋಡಿದೆ.

ಮಾರನೆಯ ಭಾನುವಾರ ಹಳೇ ಚಾಪೆಗಳ ಮೇಲೆ ಕೂತೆವು. ಎತ್ತಿನ ಚಿಂತೆ ಇದ್ದರೂ ಎಲ್ಲರ ಮುಖದಲ್ಲಿ ಪರೀಕ್ಷೆ ಪಾಸಾದ ಕಳೆ. ಅಯ್ಯನವರು "ಹೋದ ವಾರದ ವಾಕ್ಯ ಏನ್ ಮಾಡಿದ್ರಿ?" ಎನ್ನುವುದೇ ತಡ, ನಾನೇ ಮೊದಲು ಎದ್ದೆ. ಹಿಂದೆಯೇ ಅರ್ಧ ಚರ್ಚು ಎದ್ದು ನಿಂತಿತು.

ಅಯ್ಯನವರು ನಕ್ಕರು. "ಕೂತ್ಕೊಳ್ಳಿ. ಅದು ಎತ್ತಿಗೆ ಮಾಡಿದ್ದು. ಎತ್ತಿನ ಮೇಲೆ ನಿಮಗ್ಯಾರಿಗೂ ಕೋಪ ಇರಲಿಲ್ಲವಲ್ಲ!"

ನನಗೆ ಸಿಟ್ಟು ನೆತ್ತಿಗೇರಿತು. ಏನು ಮನುಷ್ಯರಪ್ಪ ಇವರು! ನಾನು ಕೂರುವ ಮೊದಲೇ ಬಾಗಿಲಲ್ಲಿ ನೆರಳು ಬಿತ್ತು. ಮುನಿವೆಂಕಟಪ್ಪ, ಹೆಗಲ ಮೇಲೆ ಜಮಖಾನ.

"ಬೆಳ್ಳ ಎದ್ದ ಡಾಕುಟ್ರೇ! ಬೆಳಗ್ಗೆ ಅವ್ನಾಗವ್ನೇ ಎದ್ ನಿಂತ್ಕಂಡು ನೀರ್ ಕುಡ್ದ!"

ನಾನು ಕೂಗಿಬಿಟ್ಟೆ. ಎಲ್ಲರೂ ಕೂಗಿದರು. ಗದ್ದಲ ಇಳಿದರೂ ಅವನು ಹೊಸ್ತಿಲ ಹೊರಗೇ ನಿಂತಿದ್ದ.

"ಒಗ್ದು ತಂದಿವ್ನಿ ತಾಯಿ" ಎಂದು ಎಸ್ತೇರಮ್ಮನವರತ್ತ ಜಮಖಾನ ಚಾಚಿದ. "ಅರ್ದಿದ್ ಕಡೆ ಕಪಿಲೆ ತೊಗಲು ಆಕಿ ಒಲಿಸಿವ್ನಿ. ಒಸದ್ರಂಗೆ ಕಾಣಕಿಲ್ಲ."

ಎಸ್ತೇರಮ್ಮ ಎದ್ದರು. ಜಮಖಾನ ಈಸಿಕೊಂಡು ಚಾಪೆಗಳ ಮೇಲೆ ಹಾಸಿದರು. ಆ ಚರ್ಮದ ತೇಪೆಯನ್ನು ಒಮ್ಮೆ ಸವರಿದರು. ಆಮೇಲೆ ಬಾಗಿಲ ಬಳಿಗೆ ಹೋಗಿ ನಿಂತರು.

"ನಿನ್ ಪಾತಿ ತುಳಿದದ್ದು ನಾವೇ ಕಣಪ್ಪ. ನಾನೂ ತುಳಿದಿದ್ದೀನಿ. ತಪ್ಪು ನಮ್ದೇ ಇತ್ತು. ಒಳಗೆ ಬಾ, ಕೂತ್ಕೋ."

"ಕಾಲೆಲ್ಲಾ ಕೊಟ್ಟಿಗೆ ಸಗಣಿ ತಾಯಿ."

"ಇರ್ಲಿ ಬಾ" ಎಂದರು ಎಸ್ತೇರಮ್ಮ. ಅವರ ಹುಬ್ಬು ಕೂದಲೆಳೆಯಷ್ಟೂ ಮೇಲೇರಲಿಲ್ಲ. ಅವನು ತೇಪೆಯ ಮೇಲೆ ಮುದುರಿ ಕೂತ. ಕೆಂಪು ಪಟ್ಟೆಯ ಮೇಲೆ ಅವನ ಹೆಜ್ಜೆ ಎರಡು ಹಾಗೇ ಮೂಡಿದ್ದವು.

ಬಿದ್ದ ಪ್ರಾಣಿಯನ್ನು ಎಬ್ಬಿಸುವುದು ನನ್ನ ಕಸುಬು. ಕಾಲಿಗೆ ಶಕ್ತಿ ಬಂದ ಮೇಲೆ ನಿಲ್ಲಿಸೋಣ ಎನ್ನುವ ರೈತರಿಗೆ ನಾನು ಆಮೇಲೆ ನೌಕರಿಯುದ್ದಕ್ಕೂ ಹೇಳಿದ್ದು ಒಂದೇ: ನಿಂತರೇ ಕಾಲಿಗೆ ಶಕ್ತಿ ಬರುವುದು. ನಂಬಿಕೆಯೂ ಹಾಗೆಯೇ ಎಂದು ನನಗೆ ತಿಳಿದದ್ದು ಪ್ರಸಂಗ ಕೇಳಿ ಅಲ್ಲ, ಆ ವಾರ ಬಾವಿಗೂ ಬಾಗಿಲಿಗೂ ನಡುವೆ.

ಅಯ್ಯನವರು ಮುನಿವೆಂಕಟಪ್ಪನನ್ನು ನೋಡಿದರು, ಎಸ್ತೇರಮ್ಮನವರನ್ನು ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಆಮೇಲೆ ಪುಸ್ತಕದ ಹಾಳೆ ತಿರುಗಿಸಿದರು.

"ಸರಿ" ಎಂದರು, "ಮುಂದಿನ ವಾಕ್ಯಕ್ಕೆ ಹೋಗೋಣ."