ಪ್ರತಿ ಸಲ ಲಾಗ್‌ಔಟ್ ಮಾಡುತ್ತಿದ್ದವರು

2022ರಲ್ಲಿ ನಾನು ಉರ್ವ ಮಾರ್ಕೆಟ್ ಹತ್ತಿರ ಕಂಪ್ಯೂಟರ್ ಸರ್ವಿಸ್ ಅಂಗಡಿ ನಡೆಸುತ್ತಿದ್ದೆ. 2023 ಆಗಿದ್ದರೂ ಇರಬಹುದು. ಆ ಅಂಗಡಿಯ ವರ್ಷಗಳೆಲ್ಲ ಈಗ ಒಂದರೊಳಗೊಂದು ಸೇರಿಕೊಂಡಿವೆ. ಲ್ಯಾಪ್‌ಟಾಪ್, ಪ್ರಿಂಟರ್ ರಿಪೇರಿ ನನ್ನ ಮೂಲ ಕೆಲಸ. ಕೊನೆಕೊನೆಗೆ ಅದಕ್ಕಿಂತ ಹೆಚ್ಚಾಗಿ ಪಾಸ್‌ವರ್ಡ್ ಮರೆತವರು, ತಮ್ಮದೇ ಅಕೌಂಟಿನ ಹೊರಗೆ ಸಿಕ್ಕಿಬಿದ್ದವರು ಬರುತ್ತಿದ್ದರು.

ಸುಮತಿ ಬಂದದ್ದು ಬ್ಲಾಗಿನ ಲಾಗಿನ್ ಬದಲಿಸಲು. ಐವತ್ತು ದಾಟಿದ ಹೆಂಗಸು, ಬಂದರಿನ ಕಡೆ ಐಸ್ ಪ್ಲಾಂಟೊಂದರ ಆಫೀಸಿನಲ್ಲಿ ಕೆಲಸ, ಬಾಡಿಗೆ ಮನೆಯಲ್ಲಿ ಒಬ್ಬರೇ. ತಂದೆಯ ಕಾಲದವರೆಗೆ ಅವರದು ಕಡಲಿಗೆ ಹೋಗುವ ಮನೆ. ಆ ಮನೆಯ ಬಗ್ಗೆ, ಬಲೆ ದೋಣಿಗಳ ಬಗ್ಗೆ ಹಲವು ವರ್ಷಗಳಿಂದ ಬ್ಲಾಗಿನಲ್ಲಿ ಬರೆಯುತ್ತಿದ್ದರು. ಓದುವವರು ಬೆರಳೆಣಿಕೆಯವರು.

ಕೂತುಕೊಳ್ಳಿ ಮೇಡಂ ಅಂದೆ.

"ಮೇಡಂ ಅಂದ್ರೆ ಬಿಲ್ ಜಾಸ್ತಿ ಹಾಕ್ಲಿಕ್ಕೆ ಉಂಟು ಅಂತ ಅರ್ಥ. ಸುಮತಿ ಸಾಕು ಮಾರಾಯ್ರೆ."

ತೊಂದರೆ ಸರಳವಾಗಿತ್ತು. ಬ್ಲಾಗ್ ತೆರೆದುಕೊಟ್ಟದ್ದು ಬಹರೈನಿನಲ್ಲಿದ್ದ ತಮ್ಮ ಉಮೇಶ, ತನ್ನ ಮೊಬೈಲ್ ನಂಬರಿನಿಂದ. ಹಾಗಾಗಿ ಸುಮತಿ ಲಾಗಿನ್ ಆಗಲು ಹೊರಟಾಗ ಒಟಿಪಿ, ಅಂದರೆ ಒಂದೇ ಸಲ ನಡೆಯುವ ಆರಂಕಿಯ ಕೋಡ್, ಅವನ ಫೋನಿಗೆ ಹೋಗುತ್ತಿತ್ತು. ಅವನು ಅದನ್ನು ಇವರಿಗೆ ವಾಟ್ಸಾಪ್ ಮಾಡಬೇಕು. ಈಗ ಆ ನಂಬರ್ ತಿಂಗಳ ಕೊನೆಗೆ ನಿಂತುಹೋಗಲಿತ್ತು. ಅಷ್ಟರೊಳಗೆ ಇಮೇಲ್ ಮತ್ತು ಪಾಸ್‌ವರ್ಡಿಗೆ ಬದಲಿಸದಿದ್ದರೆ ಬರೆದದ್ದೆಲ್ಲ ಕೈತಪ್ಪುತ್ತಿತ್ತು.

ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಗೋಡೆಯಲ್ಲಿ ದೊಡ್ಡದಾಗಿ ಅಂಟಿಸಿಟ್ಟವನು ನಾನು. ಇಷ್ಟು ವರ್ಷ ಈ ವ್ಯವಸ್ಥೆ ಹೇಗೆ ನಡೆಯಿತು ಎಂದು ಕೇಳಿದೆ. ಅವರು ಫೋನ್ ನನ್ನ ಕೈಗೆ ಕೊಟ್ಟರು. ತಮ್ಮನ ಚಾಟಿನಲ್ಲಿ ಇದ್ದದ್ದು ಬರೀ ಕೋಡುಗಳು. ಮೇಲೆ ಸರಿಸುತ್ತ ಹೋದೆ. ಒಂದು ನಮಸ್ಕಾರವಿಲ್ಲ, ದೀಪಾವಳಿಗೆ ಒಂದು ಚಿತ್ರವಿಲ್ಲ. ಆರಂಕಿಗಳ ಕೆಳಗೆ ಆರಂಕಿಗಳು. ಎಲ್ಲಕ್ಕಿಂತ ಕೊನೆಗೆ ಒಂದೇ ಒಂದು ಮಾತು: ನಂಬರ್ ತಿಂಗಳ ಕೊನೆಗೆ ಬಂದ್, ಲಾಗಿನ್ ಚೇಂಜ್ ಮಾಡು.

ಬ್ರೌಸರ್ ನೋಡಿದೆ. ಲಾಗಿನ್ ಆಗಿಯೇ ಇರಲಿ ಎನ್ನುವ ಚೌಕಕ್ಕೆ ಟಿಕ್ ಹಾಕಿರಲಿಲ್ಲ. ಟಿಕ್ ಹಾಕಿದ್ದರೆ ತಿಂಗಳುಗಟ್ಟಲೆ ಕೋಡಿನ ಅಗತ್ಯವೇ ಬೀಳುತ್ತಿರಲಿಲ್ಲ.

"ಪ್ರತಿ ಸಲ ಲಾಗ್‌ಔಟ್ ಮಾಡ್ತೀರಾ? ಎಂತಕ್ಕೆ?"

"ಮಾಡದಿದ್ರೆ ಅವ ಕೋಡ್ ಕಳಿಸುವುದಿಲ್ಲವಲ್ಲ."

ಉಳಿದದ್ದನ್ನು ಅವರು ತುಂಡು ತುಂಡಾಗಿ ಹೇಳಿದರು. ತಂದೆ ಒಂದು ಬೆಳಿಗ್ಗೆ ಒಬ್ಬರೇ ದೋಣಿ ತೆಗೆದುಕೊಂಡು ಹೋಗಿ, ನದಿ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ದೋಣಿ ಮಗುಚಿ ತೀರಿಕೊಂಡಿದ್ದರು. ಆ ದಿನ ಜೊತೆಗೆ ಹೋಗಬೇಕಾಗಿದ್ದವನು ಉಮೇಶ. ಎಷ್ಟೋ ವರ್ಷದ ಮೇಲೆ ಸುಮತಿ ಅದನ್ನು ಬ್ಲಾಗಿನಲ್ಲಿ ಬರೆದರು. ಅದರಲ್ಲೊಂದು ಸಾಲು: ಅಂದು ತಮ್ಮ ಏಳಲಿಲ್ಲ. ನೆಂಟರೆಲ್ಲ ಓದಿದರು. ಉಮೇಶ ಅಲ್ಲಿಂದ ಅಕ್ಕನೊಡನೆ ಮಾತು ಬಿಟ್ಟ. ಅಕೌಂಟ್ ಅವನ ನಂಬರಿನದ್ದೇ. ಬೇಕಿದ್ದರೆ ಒಳಗೆ ಹೋಗಿ ಆ ಬರಹವನ್ನು ಒಂದು ನಿಮಿಷದಲ್ಲಿ ಅಳಿಸಿಬಿಡಬಹುದಿತ್ತು. ಅಳಿಸಲಿಲ್ಲ. ಇವರೂ ಆ ಸಾಲನ್ನು ತೆಗೆಯಲಿಲ್ಲ. ನಿಜ ಅಲ್ಲವೋ ಅದು, ಅಂದರು. ಕೋಡ್ ಮಾತ್ರ ಕೇಳಿದಾಗಲೆಲ್ಲ ಬರುತ್ತಿತ್ತು.

ಕೆಲಸ ಶುರುಮಾಡಿದೆ. ಹೊಸ ಇಮೇಲ್ ಸೇರಿಸಿದ್ದಾಯಿತು, ಪಾಸ್‌ವರ್ಡ್ ಇಟ್ಟದ್ದಾಯಿತು. ಹಳೆಯ ನಂಬರನ್ನು ತೆಗೆಯಲು ಅದೇ ನಂಬರಿಗೆ ಕೊನೆಯ ಬಾರಿ ಒಂದು ಕೋಡ್ ಹೋಗುತ್ತದೆ. ಹಳೆಯ ಮಾಲೀಕ ಒಪ್ಪಿದ್ದಾನೆ ಎನ್ನುವುದಕ್ಕೆ ಅದು ಸಾಕ್ಷಿ. ಬಟನ್ ಒತ್ತಿದೆ. ಉಮೇಶ ಕಳಿಸಿದ ಕೋಡ್ ಸುಮತಿಯ ಫೋನಿಗೆ ಬಂತು. ಅವರು ಅದನ್ನು ನೋಡುತ್ತ ಕೂತರು, ಓದಿ ಹೇಳಲಿಲ್ಲ. ಅವಧಿ ಮುಗಿಯಿತು. ಕನ್ನಡಕದ ತೊಂದರೆ ಇರಬೇಕು ಎಂದುಕೊಂಡು ಮತ್ತೊಮ್ಮೆ ಕಳಿಸಿದೆ. ಎರಡನೆಯದೂ ಬಂತು, ಅದನ್ನೂ ಹಾಗೆಯೇ ಸಾಯಲು ಬಿಟ್ಟರು. ಮೂರನೆಯದು ತಪ್ಪಿದರೆ ಅಕೌಂಟ್ ಲಾಕ್ ಆಗುತ್ತದೆ ಎಂದು ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ.

ಆಗ ಅವರ ಫೋನ್ ಸದ್ದು ಮಾಡಿತು. ಕೋಡ್ ಅಲ್ಲ.

"ಅಕ್ಕ, ದಾದ ಆಂಡ್?"

ಏನಾಯ್ತು ಎಂದು ಉಮೇಶ ತುಳುವಿನಲ್ಲಿ ಬರೆದು ಕೇಳಿದ್ದ. ಸುಮತಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು, ಮತ್ತೆ ಎತ್ತಿಕೊಂಡರು. ಬರೆದರು, ಅಳಿಸಿದರು, ಬರೆದರು. ಕೊನೆಗೆ ಕಳಿಸಿದ್ದು ಎರಡೇ ಪದ: "ದಾಲ ಇಜ್ಜಿ." ಏನೂ ಇಲ್ಲ.

ಅತ್ತ ಕಡೆ ಅವನು ಟೈಪ್ ಮಾಡುತ್ತಿರುವುದು ತೋರಿತು, ನಿಂತಿತು, ಮತ್ತೆ ತೋರಿತು. ನಾನು ಮೂರನೆಯ ಬಾರಿ ಬಟನ್ ಒತ್ತಿದೆ. ಬಂದದ್ದು ಆರಂಕಿ. ಈ ಸಲ ಸುಮತಿ ಓದಿ ಹೇಳಿದರು, ಒಂದೊಂದೇ ಅಂಕಿ.

ಇದನ್ನು ಸ್ನೇಹಿತರಿಗೆ ಹೇಳುವಾಗ ಆಮೇಲೆ ತಮ್ಮ ಫೋನ್ ಮಾಡಿದ ಎಂದು ಸೇರಿಸಿದ್ದುಂಟು. ಕೇಳುವವರ ಮುಖ ಹಾಗೆ ಸೇರಿಸುವಂತೆ ಮಾಡುತ್ತದೆ. ಫೋನ್ ಬರಲಿಲ್ಲ. ನಂಬರ್ ತೆಗೆಯಲಾಗಿದೆ ಎಂದು ಸ್ಕ್ರೀನಿನಲ್ಲಿ ಬಂತು, ಅವರು ಚೀಲ ತೆಗೆದುಕೊಂಡು ಬಸ್ಸಿಗೆ ಹೋದರು.

ಒಂದೆರಡು ತಿಂಗಳು ಕಳೆದು ಮತ್ತೆ ಬಂದರು. ಹಳೆಯ ನಂಬರನ್ನೇ ವಾಪಸ್ ಹಾಕಲಿಕ್ಕೆ ಆಗ್ತದಾ ಎಂದು ಕೇಳಿದರು. ನಿಂತ ನಂಬರನ್ನು ಕಂಪನಿ ಇನ್ನೊಬ್ಬರಿಗೆ ಕೊಡುತ್ತದೆ, ಕೋಡ್ ಯಾರೋ ಅಪರಿಚಿತರಿಗೆ ಹೋಗುತ್ತದೆ ಎಂದು ವಿವರಿಸಿದೆ. ತಮ್ಮನ ಹೊಸ ನಂಬರ್ ಕೇಳಬಹುದಲ್ಲ ಅಂದೆ.

"ನೆಂಟರ ಹತ್ರ ಕೇಳಿದ್ರೆ ಸಿಗ್ತದೆ. ಅವನೇ ಕೊಡ್ಲಿಲ್ಲ ಅಲ್ವಾ." ಫೋನನ್ನು ಚೀಲಕ್ಕೆ ಹಾಕಿದರು. "ಯಾರಿಗಾದ್ರೂ ಹೋಗ್ಲಿ ಮಾರಾಯ್ರೆ. ನಾನು ಒಳಗೆ ಬಂದದ್ದು ಒಬ್ಬರಿಗೆ ಗೊತ್ತಾದ್ರೆ ಸಾಕು."

ಹೊಸ ಲಾಗಿನ್ ಆದಾಗ ಎಚ್ಚರಿಕೆಯ ಇಮೇಲ್ ಹೋಗಲು ಎರಡನೆಯ ವಿಳಾಸವೊಂದನ್ನು ಸೆಟ್ಟಿಂಗ್ಸಿನಲ್ಲಿ ಕೊಡಬಹುದು. ಗಿರಾಕಿಯ ಅಕೌಂಟಿನಲ್ಲಿ ನಮ್ಮ ವಿಳಾಸ ಹಾಕಬಾರದು, ಅದು ನಮ್ಮ ಕಸುಬಿನ ಮೊದಲ ನಿಯಮ. ಅವರಿಗೆ ಹೇಳಿಯೇ ನನ್ನದನ್ನು ಹಾಕಿದೆ.

ಈಗ ಅಂಗಡಿ ಇಲ್ಲ, ನಾನು ಶಕ್ತಿನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಲಾಗಿನ್ ಅಂದರೆ ಒಳಗೆ ಹೋಗುವ ದಾರಿ ಎಂದು ಅಷ್ಟು ವರ್ಷ ಜನರಿಗೆ ಹೇಳಿಕೊಟ್ಟೆ. ಅದು ಇನ್ನೊಬ್ಬರ ಬಾಗಿಲು ತಟ್ಟುವ ದಾರಿಯೂ ಆಗಿರಬಹುದು ಎಂದು ಈ ಕೆಲಸ ನನಗೆ ಕಲಿಸಿತು. ಸುಮತಿ ಒಳಗೆ ಹೋದಾಗಲೆಲ್ಲ ಆ ಇಮೇಲ್ ಈಗಲೂ ಬರುತ್ತದೆ: ನಿಮ್ಮ ಅಕೌಂಟಿಗೆ ಹೊಸ ಲಾಗಿನ್ ಆಗಿದೆ, ಇದು ನೀವಲ್ಲದಿದ್ದರೆ ತಿಳಿಸಿ. ನಾನಲ್ಲ. ತಿಳಿಸುವುದಿಲ್ಲ. ತೆರೆದು ಓದುತ್ತೇನೆ, ಅಷ್ಟೆ.