ಕೊಳ್ಳುವ ಮೊದಲು ಅತ್ತೆಗೆ ಹೇಳಬೇಕು

ನಮ್ಮ ಮನೆಯ ದುಡ್ಡು ಎಲ್ಲಿಗೆ ಹೋಗುತ್ತದೆ ಎನ್ನುವುದು ನನಗೆ ಬಹುಕಾಲ ಸೋಜಿಗವಾಗಿತ್ತು. ನಾನು ಕುವೆಂಪುನಗರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಯಜಮಾನರು ಒಂದು ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಾರೆ. ಇರುವುದು ಸ್ವಂತ ಮನೆ. ಮಗಳು ಆಗ ಪಿಯುಸಿ ಓದುತ್ತಿದ್ದಳು, ಅತ್ತೆ ನಮ್ಮ ಜೊತೆಯಲ್ಲೇ ಇದ್ದರು. ಹೇಳಿಕೊಳ್ಳುವಂಥ ದೊಡ್ಡ ಖರ್ಚು ಒಂದೂ ಇರಲಿಲ್ಲ. ಆದರೂ ತಿಂಗಳ ಕೊನೆಯ ವಾರ ಬಂದರೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಗಣಿತದವಳಲ್ಲವೇ, ನಾನು ಸುಮ್ಮನೆ ಕೂರಲಿಲ್ಲ. ಖರ್ಚು ಬರೆದಿಡುವ ಆ್ಯಪ್ ಹಾಕಿಕೊಂಡೆ. ಅದು ಬಣ್ಣಬಣ್ಣದ ಚಿತ್ರ ಬಿಡಿಸಿ ತೋರಿಸುತ್ತಿತ್ತು, ಖರ್ಚು ಮಾತ್ರ ತನ್ನ ಪಾಡಿಗೆ ನಡೆಯುತ್ತಿತ್ತು. ಆಮೇಲೆ ಯಾರೋ ಹೇಳಿದರೆಂದು ಲಕೋಟೆಗಳನ್ನು ತಂದು ತರಕಾರಿಗೆ, ಪೆಟ್ರೋಲಿಗೆ, ತಿಂಡಿಗೆ ಎಂದು ಬೇರೆ ಬೇರೆ ನೋಟು ಇಟ್ಟೆ. ಆದರೆ ಈಗ ಚುರುಮುರಿ ಗಾಡಿಯವನಿಗೂ ಫೋನಿನಲ್ಲೇ ದುಡ್ಡು ಕೊಡುವುದಲ್ಲವೇ? ಲಕೋಟೆಗಳು ತುಂಬಿಯೇ ಇದ್ದವು, ಬ್ಯಾಂಕಿನ ಖಾತೆ ಖಾಲಿಯಾಗಿತ್ತು.

ದಾರಿ ಸಿಕ್ಕಿದ್ದು ಒಂದು ಭಾನುವಾರ, ನಾನು ಹುಡುಕದೇ ಇದ್ದಾಗ. ನನ್ನ ಹೆಸರಿಗೆ ಒಂದು ಪಾರ್ಸೆಲ್ ಬಂತು. ಅತ್ತೆ ಜಗಲಿಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಅವರು ತಿರುಮಕೂಡಲು ನರಸೀಪುರದ ಕಡೆಯವರು, ಗದ್ದೆ ಹೊಲ ಮಾಡಿಕೊಂಡಿದ್ದ ಮನೆತನ. ಕಿವಿ ಸ್ವಲ್ಪ ಮಂದ.

“ಅದೇನವ್ವ ಬಂದದ್ದು?” ಎಂದರು.

“ಕಾಫಿಗೆ ನೊರೆ ಬರ್ಸೋದು, ಅತ್ತೆ.”

“ಏನು?”

“ನೊರೆ. ಹಾಲಲ್ಲಿ ನೊರೆ ಬರ್ಸೋ ಮಿಷನ್ನು,” ಎಂದು ಕೂಗಿದೆ. ಎದುರುಮನೆಯವರು ಗಿಡಕ್ಕೆ ನೀರು ಹಾಕುತ್ತಿದ್ದವರು ತಿರುಗಿ ನೋಡಿದರು.

“ಎಂಗೆ ಬರ್ತದೆ? ತೋರ್ಸು.”

ಸೆಲ್ ಹಾಕಿ ತೋರಿಸಿದೆ. ತುದಿಯ ಸುರುಳಿ ಗಿರ್ರನೆ ತಿರುಗಿತು. ಅತ್ತೆ ಅದರ ಕೆಳಗೆ ಅಂಗೈ ಒಡ್ಡಿ, ಗಾಳಿ ಬರುತ್ತದೆಯೇ ಎಂದು ನೋಡಿದರು. ಅವರಿಗೆ ನಿಜಕ್ಕೂ ಕುತೂಹಲ. “ಎಷ್ಟೊತ್ತಿಗೆ ಮಾಡ್ತೀಯ ಇದ್ನ? ನಾನೂ ಬಂದು ನೋಡ್ತೀನಿ,” ಎಂದರು.

ಬೆಳಿಗ್ಗೆ ನಾನು ಕಾಫಿ ಕುಡಿಯುವುದು ನಿಂತುಕೊಂಡು, ಒಂದು ಕೈಯಲ್ಲಿ ಮಗಳ ಡಬ್ಬಿ ಮುಚ್ಚುತ್ತಾ. ಸಂಜೆ ಶಾಲೆಯಿಂದ ಬಂದಾಗ ಫ್ಲಾಸ್ಕಿನದು. ಈ ಯಂತ್ರ ತಿರುಗಿಸುವ ಹೊತ್ತು ನನ್ನ ದಿನದಲ್ಲಿ ಎಲ್ಲೂ ಇರಲಿಲ್ಲ.

ಊಟದ ಹೊತ್ತಿಗೆ ಇದನ್ನು ಯಜಮಾನರಿಗೆ ಹೇಳಿದೆ. ಅವರು ನಕ್ಕು, “ಅವ್ವಂಗೆ ಮೊದ್ಲೇ ಹೇಳಿದ್ರೆ ತರಿಸ್ತಿದ್ಯಾ?” ಎಂದರು.

“ಇಲ್ಲ ಅನ್ಸತ್ತೆ.”

“ಹಂಗಾದ್ರೆ ಹೇಳೇ ನೋಡೋಣ. ಒಂದು ತಿಂಗ್ಳು.”

ನಿಯಮ ಹೀಗೆ ಮಾಡಿಕೊಂಡೆವು: ಹಾಲು, ತರಕಾರಿ, ದಿನಸಿ, ಔಷಧಿ ಬಿಟ್ಟು ಏನೇ ಕೊಳ್ಳುವುದಿದ್ದರೂ ಮೊದಲು ಅತ್ತೆಯ ಎದುರು ಕುಳಿತು, ಅದು ಏನು, ನಮ್ಮ ಮನೆಯಲ್ಲಿ ಅದಕ್ಕೇನು ಕೆಲಸ ಎಂದು ಹೇಳಬೇಕು. ಅಪ್ಪಣೆ ಕೇಳುವುದಲ್ಲ. ಅತ್ತೆ ಬೇಡ ಎನ್ನುವಂತಿಲ್ಲ. ಹೇಳಿ ಮುಗಿಸಿದ ಮೇಲೂ ಬೇಕೆನಿಸಿದರೆ ಕೊಳ್ಳಬಹುದು. ಅತ್ತೆಗೆ ಇದನ್ನು ವಿವರಿಸಿದಾಗ, “ನಂಗೇನ್ ಗೊತ್ತಾದದು ನಿಮ್ ಸಾಮಾನು? ಏಳಿ, ಕೇಳ್ತೀನಿ ಬುಡಿ,” ಎಂದರು.

ಮಗಳು ಮಾತ್ರ ಒಪ್ಪಲಿಲ್ಲ. “ನನ್ನ ಪಾಕೆಟ್ ಮನಿಗೂ ಅಜ್ಜಿ ಹತ್ರ ಭಾಷಣ ಮಾಡ್ಬೇಕಾ?” ಎಂದು ರೇಗಿದಳು. ಅವಳನ್ನು ಬಿಟ್ಟೆವು.

ಮೊದಲ ವಾರದಲ್ಲೇ ನನಗೆ ಒಂದು ಸಂಗತಿ ಕಂಡಿತು. ಅತ್ತೆ ಏನು ಹೇಳುತ್ತಾರೆ ಎನ್ನುವುದು ಮುಖ್ಯವೇ ಅಲ್ಲ. ಅರ್ಧಕ್ಕರ್ಧ ಸಲ ನಾನು ನನ್ನ ಮಾತಿನ ನಡುವೆಯೇ ನಿಂತುಬಿಡುತ್ತಿದ್ದೆ. “ಅಂಗಡೀಲಿ ಒಂದು ಬುಟ್ಟಿ ಬಂದಿದೆ ಅತ್ತೆ, ಅದರೊಳಗೆ ಬೇರೆ ಬುಟ್ಟಿಗಳನ್ನ ಇಡಬಹುದು...” ಎಂದು ಜೋರಾಗಿ ಹೇಳುವಾಗ ನನ್ನ ಧ್ವನಿ ನನಗೇ ಕೇಳಿ, “ಇರಲಿ ಬಿಡಿ” ಎಂದು ಎದ್ದುಹೋಗುತ್ತಿದ್ದೆ.

ಎಲ್ಲ ಸಲವೂ ಹೀಗೇ ಆಯಿತೆಂದೇನೂ ಅಲ್ಲ. ಯಜಮಾನರು ಸ್ಕೂಟರ್ ತೊಳೆಯಲು ರಭಸವಾಗಿ ನೀರು ಚಿಮ್ಮುವ ಪಂಪಿನ ಬಗ್ಗೆ ಹೇಳಿದಾಗ ಅತ್ತೆಯ ಕಣ್ಣು ಅರಳಿತು. “ಅಂಗಳದ ಪಾಚಿ ಓಗ್ತದಾ? ನೀರಿನ ಟ್ಯಾಂಕ್ ತೊಳೀಬೋದಾ?” ತಾಯಿ ಮಗ ಕುಳಿತು ಫೋನಿನಲ್ಲಿ ಅದರ ವಿಡಿಯೋಗಳನ್ನೆಲ್ಲ ನೋಡಿದರು. “ತರ್ಸು, ನೋಡೇಬುಡಾಣ,” ಎಂದದ್ದು ಅತ್ತೆಯೇ. ಪಂಪು ಬಂತು. ಈಗಲೂ ಅಂಗಳ ಹೊಳೆಯುತ್ತಿದೆ.

ಇನ್ನೊಂದು ಸಲ ನಾನು ದೇವರಾಜ ಅರಸು ರಸ್ತೆಯ ಸೀರೆ ಅಂಗಡಿಯಲ್ಲಿದ್ದೆ. ಸಹೋದ್ಯೋಗಿಯ ಮಗಳ ಮದುವೆಗೆ ಉಡುಗೊರೆ ತೆಗೆದುಕೊಳ್ಳಲು ಹೋದವಳಿಗೆ ನನಗೇ ಒಂದು ಹಿಡಿಸಿಬಿಟ್ಟಿತು. ನಿಯಮ ನಿಯಮವೇ. ಮನೆಗೆ ಫೋನ್ ಮಾಡಿ ಅತ್ತೆಗೆ ವಿವರಿಸತೊಡಗಿದೆ. “ಮೆಂತ್ಯದ ಬಣ್ಣ, ಅತ್ತೆ. ಅಂಚು ಹಸಿರು.” ಅವರಿಗೆ ಕೇಳಲಿಲ್ಲ. ಇನ್ನೂ ಗಟ್ಟಿಯಾಗಿ, “ಮೆಂತ್ಯದ ಬಣ್ಣ. ಹಸಿರು ಅಂಚು. ಸೆರಗಲ್ಲಿ ಸಣ್ಣ ಸಣ್ಣ ಮಾವಿನಕಾಯಿ.” ಅಂಗಡಿಯವರು ಸೀರೆ ಮಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು.

“ಅದೇ ಕಣವ್ವ, ಗೌರಿ ಅಬ್ಬಕ್ಕೆ ಉಟ್ಕಂಡಿದ್ದಲ್ಲ,” ಎಂದರು ಅತ್ತೆ. “ಚೆಂದಾಗದೆ ಅದು. ಏನಾಯ್ತು ಅದ್ಕೆ?”

ಏನೂ ಆಗಿರಲಿಲ್ಲ. ಆ ಹಬ್ಬದಿಂದೀಚೆಗೆ ಬೀರುವಿನಲ್ಲಿ ಮಡಿಕೆ ಬಿಚ್ಚದೆ ಕುಳಿತಿತ್ತು. ಅಂಗಡಿಯವರು ನಗು ತಡೆದುಕೊಂಡು, “ಬೇರೆ ಬಣ್ಣ ತೋರಿಸ್ಲಾ ಮೇಡಂ?” ಎಂದರು. ಬೇಡವೆಂದು ಉಡುಗೊರೆಯದನ್ನಷ್ಟೇ ಕಟ್ಟಿಸಿಕೊಂಡು ಬಂದೆ.

ಹೀಗೆ ಕೆಲವು ತಿಂಗಳು ನಡೆದು, ಕೊನೆಯ ವಾರ ಹಗುರವಾಯಿತು. ಆಗ ಯಾದವಗಿರಿಯಲ್ಲಿರುವ ನನ್ನ ನಾದಿನಿ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡಳು. ನೋಡಿಕೊಳ್ಳಲು ಅತ್ತೆ ಅಲ್ಲಿಗೆ ಹೋದರು. ನಿಯಮ ತಪ್ಪಬಾರದೆಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದೆವು. ಅದು ನಡೆಯಲೇ ಇಲ್ಲ. ನಾನು ಬಾಯಿ ತೆರೆದರೆ ಅವರು, “ತಗೋ ತಗೋ” ಎನ್ನುತ್ತಿದ್ದರು. ಏಕೆಂದರೆ ಮುಂದಿನ ಸರದಿ ಅವರದು. ಗಂಡ ಹೆಂಡತಿಗೆ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ, ಅರ್ಧ ಮಾತಿನಲ್ಲೇ ಎಲ್ಲ ತಿಳಿದುಹೋಗುತ್ತದೆ. ಆ ತಿಂಗಳು ಮನೆಗೆ ಏನೇನು ಬಂತೋ ನನಗೆ ಈಗ ನೆನಪೂ ಇಲ್ಲ.

ಒಂದು ಸಂಜೆ ಅತ್ತೆಯೇ ಫೋನ್ ಮಾಡಿದರು. ನಾದಿನಿಯ ಕಾಲಿನ ಸುದ್ದಿ ಹೇಳಿ, ನಮ್ಮ ಊಟ ಎಲ್ಲ ವಿಚಾರಿಸಿ ಆದಮೇಲೆ, “ಏನೂ ತಕ್ಕಳ್ಳಿಲ್ವಾ ನೀವು? ಯಾರೂ ಏಳ್ಲೇ ಇಲ್ವಲ್ಲ,” ಎಂದರು. ಆಕ್ಷೇಪಣೆಯ ಧ್ವನಿಯಲ್ಲ, ಕಾದು ಕುಳಿತವರ ಧ್ವನಿ. ಈ ಮನೆಗೆ ಫ್ರಿಜ್ಜು ಬಂದಾಗಲಾಗಲಿ, ಸೋಫಾ ಬದಲಾದಾಗಲಾಗಲಿ, ಯಾರೂ ಅವರಿಗೆ ಮೊದಲು ಹೇಳಿರಲಿಲ್ಲ. ಬಂದ ಮೇಲೆ ನೋಡುತ್ತಿದ್ದರು, ಅಷ್ಟೆ.

ಮಗಳು ನನ್ನ ಕೈಯಿಂದ ಫೋನ್ ತೆಗೆದುಕೊಂಡು, “ಅಜ್ಜೀ, ನಂಗೊಂದು ಕ್ರೀಮ್ ಬೇಕು, ಮೊಡವೆಗೆ. ಕೇಳಿಸ್ಕೊ,” ಎಂದು ಶುರು ಮಾಡಿದಳು. ಬಹಳ ಹೊತ್ತು ಮಾತಾಡಿದರು. ಕ್ರೀಮ್ ತರಿಸಿದಳು. ಅಂದಿನಿಂದ ನಾವು ಮೂವರೂ ಯಾದವಗಿರಿಗೆ ಫೋನ್ ಮಾಡಿಯೇ ಕೊಳ್ಳುವುದಾಯಿತು.

ನಾದಿನಿ ಓಡಾಡುವಂತಾದ ಮೇಲೆ ಅತ್ತೆ ಹಿಂದಿರುಗಿದರು. ಒಂದೆರಡು ದಿನ ಕಳೆದು, ಎಲ್ಲರೂ ಒಟ್ಟಿಗಿದ್ದಾಗ ಸೆರಗು ಸರಿಮಾಡಿಕೊಂಡು, “ನಾನೂ ಒಂದು ಏಳ್ಬೇಕು,” ಎಂದರು. ಅವರು ತಮಗೆ ಬೇಕೆಂದು ನಮ್ಮನ್ನು ಏನಾದರೂ ಕೇಳಿದ್ದೇ ನನಗೆ ನೆನಪಿಲ್ಲ.

“ಮಡಿಸೋ ಸ್ಟೂಲು. ಕಂಕುಳಲ್ಲಿ ಇಟ್ಕಂಡು ಓಗ್ಬೋದು. ಪಾರ್ಕಲ್ಲಿ ಸಂಜೆ ಬೆಂಚು ಸಿಕ್ಕಲ್ಲ, ಮೊದ್ಲೇ ಬಂದು ಕುಂತಿರ್ತಾರೆ. ಕಟ್ಟೆ ಮೇಲೆ ಕುಂತ್ರೆ ಮಂಡಿ ಏಳಲ್ಲ.” ಎರಡು ಕೈಗಳನ್ನು ಕತ್ತರಿಯಂತೆ ಸೇರಿಸಿ ಬಿಡಿಸಿ, ಅದು ಹೇಗೆ ತೆರೆಯುತ್ತದೆಂದು ತೋರಿಸಿದರು.

“ತೂಕ ತಡೆಯತ್ತಾ ಅವ್ವ?” ಎಂದರು ಯಜಮಾನರು.

“ನಿನ್ ತಂಗಿ ಮನೆ ಪಕ್ಕದೋರು ನನ್ಗಿಂತ ದಪ್ಪ. ಅವ್ರು ಕುಂತ್ಕತಾರೆ.”

ಮಾತಿನ ನಡುವೆ ಅತ್ತೆ ಎಲ್ಲೂ ನಿಲ್ಲಲಿಲ್ಲ. ಎಲ್ಲ ಯೋಚಿಸಿಕೊಂಡೇ ಬಂದಿದ್ದರು. ಮಾರನೆಯ ದಿನವೇ ಅವರನ್ನು ಕರೆದುಕೊಂಡು ಹೋಗಿ, ಅಂಗಡಿಯಲ್ಲಿ ಮೂರು ನಾಲ್ಕು ಸ್ಟೂಲುಗಳ ಮೇಲೆ ಕೂರಿಸಿ ನೋಡಿ, ನೀಲಿ ಬಟ್ಟೆಯದೊಂದನ್ನು ತಂದೆವು.

ಸಂಜೆ ಅದನ್ನು ಕಂಕುಳಲ್ಲಿಟ್ಟುಕೊಂಡು ಪಾರ್ಕಿಗೆ ಹೋದರು. ಕತ್ತಲಾಗುವ ಮುಂಚೆ ಬಂದಾಗ, ಅನುಕೂಲವಾಯಿತೇ ಎಂದು ಕೇಳಿದೆ.

“ಇವತ್ತು ಬೆಂಚೆಲ್ಲ ಖಾಲಿ ಇದ್ವು ಕಣವ್ವ,” ಎಂದರು. “ನಾನು ಇದ್ರ ಮೇಲೇ ಕುಂತಿದ್ದೆ.”