ಟೀಚರ ತುಟಿಯ ಬಲತುದಿ

ಮಾತಾಡುವಾಗ ನಮ್ಮ ಟೀಚರ ತುಟಿಯ ಬಲತುದಿ ಚೂರು ಮೇಲೇಳುತ್ತಿತ್ತು. ಎಡತುದಿ ಇದ್ದಲ್ಲೇ ಇರುತ್ತಿತ್ತು. ಕಿವಿ ಕೇಳುವವರು ಇದನ್ನು ಗಮನಿಸಿರಲಿಕ್ಕಿಲ್ಲ, ಅವರಿಗೆ ದನಿ ಸಾಕು. ನಾನು ಹುಟ್ಟುಕಿವುಡಿ. ಬಸವನಗುಡಿಯ ಒಂದು ಪುಟ್ಟ ಶಾಲೆಯಲ್ಲಿ, ನಾಲ್ಕನೇ ವಯಸ್ಸಿನಿಂದ, ಅವರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಆ ತುಟಿಗಳನ್ನೇ ನೋಡಿ ಮಾತು ಕಲಿತವಳು. 'ಪ' ಅಂದರೆ ಮುಂದಿಟ್ಟ ಮೇಣದಬತ್ತಿಯ ಜ್ವಾಲೆ ಅಲುಗಬೇಕು. 'ಮ' ಅಂದರೆ ಅವರ ಕೆನ್ನೆಯ ಮೇಲಿಟ್ಟ ನನ್ನ ಅಂಗೈ ಜುಮ್ಮೆನ್ನಬೇಕು. ಹಾಗಾಗಿ ಆ ಮುಖ ನನಗೆ ನನ್ನ ಅಮ್ಮನ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಅವರ ಬ್ಯಾಗಿನಲ್ಲಿ ಸದಾ ಒಂದು ಸ್ಲೇಟು, ಒಂದು ಬಳಪ. ತುಟಿ ಓದಲಾಗದೆ ನಾವು ಕಕ್ಕಾಬಿಕ್ಕಿಯಾದರೆ ಬರೆದು ತೋರಿಸುತ್ತಿದ್ದರು. "ಅಳಿಸೋಕೆ ಬರೋದ್ರಲ್ಲೇ ಮೊದ್ಲು ಬರೀಬೇಕು ಕಣೇ. ತಪ್ಪಾದ್ರೆ ಒದ್ದೆ ಬಟ್ಟೆ ಸಾಕು" ಎನ್ನುತ್ತಿದ್ದರು. ನಾವು ಮಕ್ಕಳು ನಮ್ಮನಮ್ಮಲ್ಲೇ ಕೈಸನ್ನೆಯಲ್ಲಿ ಹರಟುತ್ತಿದ್ದುದಕ್ಕೂ ಬೈದವರಲ್ಲ. "ಕೈಯಲ್ಲಾದ್ರೂ ಮಾತಾಡಿ, ಬಾಯಲ್ಲಾದ್ರೂ ಮಾತಾಡಿ. ಮೂಲೇಲಿ ಮಾತ್ರ ಕೂರಬೇಡಿ."

ನಿವೃತ್ತರಾದ ಮೇಲೂ ಅವರು ಶಾಲೆಗೆ ಬರುವುದನ್ನು ಬಿಡಲಿಲ್ಲ. ನಾನಾಗಲೇ ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ ವರ್ಷಗಳಾಗಿದ್ದವು. ಶನಿವಾರ ಮಧ್ಯಾಹ್ನ ಅವರ ಮನೆಗೆ ಹೋಗಿ ಕಾಫಿ ಕುಡಿದು ಬರುವುದು ನನ್ನ ವಾಡಿಕೆ. ಒಂದು ಶನಿವಾರ ಲೋಟ ಕೈಗಿಟ್ಟು ಎದುರಿಗೆ ಕೂತರು. "ಮುಖಕ್ಕೆ ಟ್ರೀಟ್‌ಮೆಂಟ್ ಮಾಡಿಸ್ಕೋತೀನಿ. ಈ ಗೆರೆ ಹೋಗ್ಬೇಕು" ಎಂದು, ತುಟಿಯ ಎರಡೂ ತುದಿಯಿಂದ ಗದ್ದದವರೆಗೆ ಇಳಿದಿದ್ದ ಆಳವಾದ ಗೆರೆಗಳನ್ನು ಬೆರಳಿನಿಂದ ತೋರಿಸಿದರು.

ತಪ್ಪಾಗಿ ಓದಿದೆನೇನೋ ಅಂದುಕೊಂಡೆ. ಸ್ಲೇಟಿನ ಮೇಲೂ ಅದನ್ನೇ ಬರೆದರು. ಅವರ ಜೊತೆಗಿದ್ದ ತಂಗಿ ಹಣೆ ಚಚ್ಚಿಕೊಂಡು, "ಅರವತ್ತಕ್ಕೆ ಅರಳುಮರಳು ಅನ್ನೋದು ಇದಕ್ಕೇ" ಎಂದರು.

"ನನಗೆ ಅರವತ್ತೆರಡು. ಎರಡು ವರ್ಷ ತಡವಾಗೇ ಬಂದಿದೆ ಬಿಡು" ಎಂದರು ಟೀಚರು.

ಕಾರಣ, ಕಲಾಸಿಪಾಳ್ಯದಿಂದ ತಾಯಿಯ ಜೊತೆ ಬರುತ್ತಿದ್ದ ಐದು ವರ್ಷದ ಒಬ್ಬ ಹುಡುಗಿ. ಟೀಚರ ಮುಖ ಕಂಡರೆ ಸಾಕು, ಬ್ಯಾಗಿನ ಹಿಂದೆ ಅವಿತುಕೊಂಡು ಅಳುತ್ತಿದ್ದಳು. ಕಿವಿ ಕೇಳದ ಮಗು ಎಲ್ಲವನ್ನೂ ಮುಖ ನೋಡಿಯೇ ತಿಳಿಯುತ್ತದೆ. ಆ ಗೆರೆಗಳಿಂದಾಗಿ ಟೀಚರು ಸುಮ್ಮನೆ ಕೂತಿದ್ದರೂ ಬೈಯಲು ಹೊರಟವರ ಹಾಗೆ ಕಾಣುತ್ತಿದ್ದರು. ಮಗು ಮುಖವನ್ನೇ ನೋಡದಿದ್ದರೆ ಪಾಠವೇ ಇಲ್ಲ. ಶಾಲೆಯ ಇನ್ನೊಬ್ಬ ಟೀಚರಿಗೆ ದೊಡ್ಡ ಮಕ್ಕಳ ಪಾಠವೇ ಕತ್ತಿನ ಮಟ್ಟ. ಬೇಸಿಗೆ ರಜೆ ಕಳೆದ ಮೇಲೂ ಹೀಗೇ ಅತ್ತರೆ ಶಾಲೆ ಬಿಡಿಸಿಬಿಡುತ್ತೇನೆ ಎಂದು ತಾಯಿ ಹೇಳಿಹೋಗಿದ್ದಳು.

"ಅದಕ್ಯಾಕೆ ಟ್ರೀಟ್‌ಮೆಂಟು? ಅವಳ ಮುಂದೆ ನಗ್ತಾ ಇರಿ" ಎಂದೆ.

"ಒಂದು ವಾರ ನಕ್ಕೆ ಕಣೇ. ಎಲ್ಲಿ, ನಗ್ತಾ ನಗ್ತಾ 'ಉ' ಅನ್ನು, ನೋಡೋಣ."

ಪ್ರಯತ್ನಪಟ್ಟೆ. ಆಗಲಿಲ್ಲ.

ನನಗೋ ಮೂಗಿನ ತುದಿಯಲ್ಲೇ ಕೋಪ. "ಮೂವತ್ತು ವರ್ಷದಿಂದ ಈ ಮುಖ ಓದಿದೀನಿ. ನಾಳೆ ನನಗೇ ಅರ್ಥ ಆಗದೇ ಹೋದ್ರೆ?" ಎಂದೆ. "ನಿನ್ನ ಪಾಠ ಮುಗೀತಲ್ಲೇ, ಈಗ ಅವಳ ಸರದಿ" ಎಂದರು. ಸುಳ್ಳೇಕೆ ಹೇಳಲಿ, ಐದು ವರ್ಷದ ಆ ಕೂಸಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಆದರೂ ಮರುವಾರ ಮಲ್ಲೇಶ್ವರದ ಚರ್ಮದ ಡಾಕ್ಟರ ಹತ್ತಿರ ಜೊತೆಗೆ ಹೋದೆ.

ಡಾಕ್ಟರು ಸಣ್ಣ ವಯಸ್ಸಿನವರು, ಮಾಸ್ಕ್ ಹಾಕಿಕೊಂಡಿದ್ದರು. ಟೀಚರು ಕೂರುವ ಮೊದಲೇ, "ಅದನ್ನ ತೆಗೀರಿ ಡಾಕ್ಟ್ರೇ. ನಮ್ಮ ಹುಡುಗೀನೂ ತಿಳ್ಕೋಬೇಕು" ಎಂದರು. ಡಾಕ್ಟರು ಮಾಸ್ಕ್ ತೆಗೆದು ನನ್ನ ಕಡೆ ತಿರುಗಿಯೇ ವಿವರಿಸಿದರು.

"ಎರಡು ದಾರಿ ಇದೆ. ಒಂದು ಅಲ್ಟ್ರಾಸೌಂಡ್, ಅದ್ರಲ್ಲಿ ಸೂಜಿ ಇಲ್ಲ. ಚರ್ಮದ ಆಳಕ್ಕೆ ಬಿಸಿ ಕೊಡ್ತೀವಿ, ನಿಧಾನಕ್ಕೆ ಬಿಗಿಯಾಗುತ್ತೆ. ಎರಡು ಮೂರು ತಿಂಗಳು ಬೇಕು. ಸ್ವಲ್ಪ ಜೋತುಬಿದ್ದ ಚರ್ಮಕ್ಕೆ ಒಳ್ಳೇದು, ಇಷ್ಟು ಆಳದ ಗೆರೆ ತುಂಬಲ್ಲ. ಇನ್ನೊಂದು ಫಿಲ್ಲರ್, ಅಂದ್ರೆ ಜೆಲ್. ಗೆರೆ ಕೆಳಗೆ ಸೂಜಿಯಿಂದ ತುಂಬ್ತೀವಿ. ಆಗ್ಲೇ ಗೊತ್ತಾಗುತ್ತೆ, ಕೆಲವು ದಿನ ಊತ ಇರುತ್ತೆ. ಹೆಚ್ಚುಕಮ್ಮಿ ಒಂದು ವರ್ಷಕ್ಕೆ ಕರಗಿಹೋಗುತ್ತೆ."

"ತುಟಿ ಆಡೋದಕ್ಕೆ ತೊಂದರೆ ಯಾವುದ್ರಲ್ಲಿ?" ಟೀಚರು ಕೇಳಿದರು.

"ಅಪರೂಪಕ್ಕೆ ಅಲ್ಟ್ರಾಸೌಂಡ್ ಬಿಸಿ ನರಕ್ಕೆ ತಾಗಿ ತುಟಿ ಕೆಲವು ವಾರ ಸೊಟ್ಟಗಾಗಬಹುದು. ಫಿಲ್ಲರ್ ರಕ್ತನಾಳಕ್ಕೆ ಹೋದ್ರೆ ಅಪಾಯ ಅದಕ್ಕಿಂತ ಜಾಸ್ತಿ. ಅದೂ ಅಪರೂಪವೇ, ಆದ್ರೆ ತಕ್ಷಣ ನೋಡ್ಬೇಕಾಗುತ್ತೆ."

"ಎರಡರಲ್ಲಿ ಅಳಿಸೋಕೆ ಬರೋದು ಯಾವುದು?"

"ಈ ಜೆಲ್ ಕರಗಿಸೋಕೆ ಇಂಜೆಕ್ಷನ್ ಇದೆ. ಕೊಟ್ಟ ಬಿಸಿ ವಾಪಸ್ ತಗೊಳ್ಳೋಕಾಗಲ್ಲ."

"ಹಾಗಾದ್ರೆ ಫಿಲ್ಲರ್. ಎಷ್ಟು ಬೇಕೋ ಅಷ್ಟೇ ಹಾಕಿ. ಜೂನ್‌ನಲ್ಲಿ ಶಾಲೆ ಶುರುವಾಗೋಷ್ಟರಲ್ಲಿ ಊತ ಇಳಿದಿರ್ಬೇಕು."

ನಾನು ನಡುವೆ ಬಾಯಿಹಾಕಿ ಏನೋ ಕೇಳಿದೆ. ಡಾಕ್ಟರು ನನ್ನನ್ನೂ ಟೀಚರನ್ನೂ ಬದಲಿಸಿ ಬದಲಿಸಿ ನೋಡಿದರು. "ನಿಮ್ಮ ಮಗಳಾ? ಮಾತಾಡುವಾಗ ಇವರ ಬಾಯೂ ಥೇಟ್ ನಿಮ್ಮ ಥರಾನೇ ಬಲಗಡೆ ಮೇಲೇಳುತ್ತೆ. ಬೇಕಿದ್ರೆ ನಿಮ್ಮದನ್ನ ಸಮ ಮಾಡೋಕೂ ಬೇರೆ ಇಂಜೆಕ್ಷನ್ ಇದೆ."

ನನಗೆ ಅದುವರೆಗೆ ಗೊತ್ತೇ ಇರಲಿಲ್ಲ. ಗೋಡೆಯ ಕನ್ನಡಿಯಲ್ಲಿ ನನ್ನ ಹೆಸರನ್ನೇ ಹೇಳಿಕೊಂಡು ನೋಡಿದೆ. ನಿಜ. ಟೀಚರು ಕಲಿಸಿದ ಮಾತಿನ ಜೊತೆಗೆ ಅದೂ ಬಂದುಬಿಟ್ಟಿತ್ತು.

"ಮಗಳಲ್ಲ, ನನ್ನ ಹತ್ರ ಓದಿದೋಳು. ಆ ತುದಿ ಮುಟ್ಟಬೇಡಿ ಡಾಕ್ಟ್ರೇ, ಬಹಳ ಮಕ್ಕಳು ಅದನ್ನ ನೋಡಿ ಮಾತು ಕಲ್ತಿದಾರೆ" ಎಂದರು ಟೀಚರು.

ಟೀಚರು ಸೂಜಿ ಹಾಕಿಸಿಕೊಂಡ ಮೂರನೇ ದಿನ ಅವರ ಮನೆಗೆ ಹೋದೆ. ಬಾಯಿಯ ಸುತ್ತ ಊದಿ ನೀಲಿಗಟ್ಟಿತ್ತು. ಅವರು ಏನೋ ಹೇಳಿದರು. ಒಂದು ಪದವೂ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದರು, ಆಗಲೂ ಇಲ್ಲ. ಲೋಕದಲ್ಲಿ ನನಗೆ ಕಷ್ಟವಿಲ್ಲದೆ ಅರ್ಥವಾಗುತ್ತಿದ್ದ ಒಂದೇ ಬಾಯಿ ಅದು. ಮಗುವಿನ ಹಾಗೆ ಅತ್ತುಬಿಟ್ಟೆ. ಅವರು ಸ್ಲೇಟು ತೆಗೆದು, "ಹೆದರಬೇಡ. ಅಳಿಸೋಕೆ ಬರುತ್ತೆ" ಎಂದು ಬರೆದರು.

ಅಳಿಸುವ ಪ್ರಮೇಯ ಬರಲಿಲ್ಲ. ಎರಡನೇ ವಾರದ ಕೊನೆಗೆ ಊತ ಪೂರ್ತಿ ಇಳಿಯಿತು. ನನ್ನನ್ನು ಎದುರಿಗೆ ಕೂರಿಸಿಕೊಂಡು, ದನಿಯಿಲ್ಲದೆ ಬರೀ ತುಟಿಯಾಡಿಸಿ, ಗಾಂಧಿಬಜಾರಿನಲ್ಲಿ ಸಿಗುವ ತರಕಾರಿಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಒಂದನ್ನೂ ಬಿಡದೆ ಓದಿದೆ. "ನಾನು ಪಾಸು" ಎಂದರು.

ಜೂನಿನಲ್ಲಿ ರಜೆ ಹಾಕಿ ಶಾಲೆಗೆ ಹೋದೆ. ಹುಡುಗಿ ಮೊದಲಿನಂತೆ ಬ್ಯಾಗಿನ ಹಿಂದೆ ಅವಿತಳು. ಟೀಚರು ಕರೆಯಲಿಲ್ಲ, ನಗಲಿಲ್ಲ, ಸುಮ್ಮನೆ ಕೂತರು. ಬ್ಯಾಗಿನ ಮೇಲಿಂದ ಎರಡು ಕಣ್ಣು ಇಣುಕಿ ತುಂಬಾ ಹೊತ್ತು ನೋಡಿದವು. ಅಂದು ಅವಳು ಅಳಲಿಲ್ಲ. ನಾಲ್ಕನೇ ದಿನ ಬ್ಯಾಗನ್ನು ಕೆಳಗಿಟ್ಟಳಂತೆ. ತಿಂಗಳೊಳಗೆ ಅವಳ ಅಂಗೈ ಟೀಚರ ಕೆನ್ನೆಯ ಮೇಲಿತ್ತು.

ಡಾಕ್ಟರು ಹೇಳಿದಂತೆ ವರ್ಷ ಕಳೆಯುವಷ್ಟರಲ್ಲಿ ಜೆಲ್ ಕರಗಿತು, ಗೆರೆಗಳು ಮೆಲ್ಲಗೆ ಮರಳಿದವು. ಮಲ್ಲೇಶ್ವರಕ್ಕೆ ಇನ್ನೊಮ್ಮೆ ಹೋಗೋಣವೇ ಎಂದು ನಾನೇ ಕೇಳಿದೆ. "ಬೇಡ. ಈಗ ಅವಳಿಗೆ ನನ್ನ ಮುಖ ಬರುತ್ತೆ. ಗೆರೆ ಇದ್ರೂ ಓದ್ತಾಳೆ" ಎಂದರು.

ಕಳೆದ ಚಳಿಗಾಲದಲ್ಲಿ ಟೀಚರು ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಸೇರಿದವರು ಎರಡೇ ದಿನ ಇದ್ದದ್ದು. ನಾನು ಇವತ್ತು ಯಾರ ಮುಂದೆ ಬಾಯಿ ತೆರೆದರೂ ಅದು ಅವರ ಋಣ, ತೀರಿಸಲು ನನಗೆ ದಾರಿ ಗೊತ್ತಿರಲಿಲ್ಲ. ಶಾಲೆಯಲ್ಲಿ ಅವರ ಫೋಟೋಗೆ ಹಾರ ಹಾಕಿದ ದಿನ, ಜಗಲಿಯಲ್ಲಿ ಆ ಹುಡುಗಿ ನನ್ನ ಸೆರಗು ಜಗ್ಗಿದಳು. ಅವಳಿಗೀಗ ಎಂಟು ವರ್ಷ. ಕತ್ತೆತ್ತಿ, ಒಂದೊಂದೇ ಅಕ್ಷರ ಬಿಡಿಸಿ, "ಟೀಚರ್ ಬರಲ್ವಾ?" ಎಂದು ಕೇಳಿದಳು. ಅವಳ ತುಟಿಯ ಬಲತುದಿ ಚೂರು ಮೇಲೆದ್ದಿತು.

ನಾನು ಅಲ್ಲೇ ಕೂತು, ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿ, ಅವಳ ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿಕೊಂಡೆ. "ಬರಲ್ಲ ಪುಟ್ಟಿ" ಎಂದೆ.